ಹಿತ್ತಲೇ ಬೀಜದ ಕಣಜ



ಮಲೆನಾಡಿನ ಅನೇಕ ಮನೆಗಳ ಮುಂದೆ ಕಂಬದಂತೆ ನೇರವಾಗಿ ಬೆಳೆದು ನಿಂತಿರುವ ಮರವನ್ನು ಜನರು ‘ಅಶೋಕ’ವೆಂದೇ ಕರೆಯುತ್ತಾರೆ. ವಾಸ್ತವವಾಗಿ ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೊಂದು ಮರ. ಪುರಾಣಪ್ರಸಿದ್ಧವಾದ ಸೀತಾಶೋಕವು ಹುಣಸೆಯ ಬಳಗದ್ದು. ಹಳ್ಳದ ದಂಡೆಯ ತಂಪಿನಲ್ಲಿ ಬೆಳೆಯುವ ಅದರ ಬಲಿತ ಕೊಂಬೆಗಳ ಮೇಲೆಯೇ ಕಿತ್ತಳೆ, ಕೆಂಪು ಬಣ್ಣದ ಹೂಗೊಂಚಲುಗಳು ಮೂಡುತ್ತವೆ. ಔಷಧಿಗಾಗಿ ತೊಗಟೆಯನ್ನು ಸುಲಿದುದು ಹಾಗೂ ನೆಲೆಯೇ ನಾಶವಾದುದು, ಈ ಎರಡು ಕಾರಣಗಳಿಂದ ಅದು ಅಪಾಯದಂಚಿನ ಸಸ್ಯಗಳ ಕೆಂಪುಪಟ್ಟಿಯನ್ನು ಸೇರಿದೆ. ಊರಿನಲ್ಲಿ ಹೆಸರು ಉಳಿದಿದೆ, ಮರ ವಿರಳವಾಗಿದೆ.

ಇಂತಹ ಮರಗಳನ್ನು ಹಿತ್ತಲಿಗೆ ತರಬೇಕೆನ್ನುವುದಕ್ಕೆ ಅಲಂಕಾರಕ್ಕಿಂತ ದೊಡ್ಡ ಕಾರಣವೊಂದಿದೆ. ಭತ್ತ, ರಾಗಿ, ಅವರೆಗಳ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಕಾದಿರಿಸಬಹುದು. ಮಳೆಕಾಡಿನ ಹಲವು ಮರಗಳ ಬೀಜಗಳ ಸ್ವಭಾವ ಹಾಗಲ್ಲ. ಅಶೋಕ, ಮುರುಗಲು, ರಾಮಪತ್ರೆ ಮುಂತಾದವುಗಳ ಬೀಜದ ತೇವ ಆರಿದರೆ ಜೀವವೂ ಹೋಗುತ್ತದೆ. ಒಣಗಿಸಿ ಶೈತ್ಯಾಗಾರದಲ್ಲಿಡುವ ಬೀಜಭಂಡಾರಗಳು ಇವುಗಳಿಗೆ ಆಶ್ರಯವಾಗಲಾರವು. ಆದುದರಿಂದ ನಿಂತಿರುವ ಜೀವಂತ ಮರವೇ ಇವುಗಳ ಕಣಜ. ಕಾಡಿನ ಮರ ಉರುಳಿದ ಮೇಲೆ, ಊರಿನ ಹಿತ್ತಲಿನಲ್ಲಿ ಅದರ ಸಂತತಿ ಇಲ್ಲದಿದ್ದರೆ, ಆ ಊರಿಗೆ ಆ ಬೀಜ ಮತ್ತೆ ದೊರೆಯುವುದು ದುಸ್ತರ.

ಜಾಗವರಿತು ನೆಡುವುದು ಮುಖ್ಯ. ಬಚ್ಚಲು ನೀರು ಹರಿಯುವ ಅರೆನೆರಳಿನ ಮೂಲೆ ಅಶೋಕಕ್ಕೆ ಒಪ್ಪುತ್ತದೆ. ಒಣಗಿದರೂ ಪರಿಮಳ ಬಿಡದ ಹೂವಿನ ಸುರಗಿ ನಿಧಾನವಾಗಿ ಬೆಳೆದು ದೊಡ್ಡ ಮರವಾಗುವುದರಿಂದ, ಅದನ್ನು ಮನೆಯಿಂದ ದೂರದಲ್ಲಿ ನೆಡಬೇಕು. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಹೂ ಬಿಡುವವರೆಗೆ ಅದು ಯಾವುದೆಂದು ತಿಳಿಯದು. ಅದಕ್ಕೆ ಹಲವು ವರ್ಷಗಳೇ ಬೇಕು. ಆದ್ದರಿಂದ ನಾಲ್ಕಾರು ಸಸಿಗಳನ್ನು ನೆಡುವುದು ಅಥವಾ ಹೆಣ್ಣು ಮರದ ಕಸಿ ಗಿಡ ತರುವುದು ಲೇಸು. ಬಿಸಿಲು ಬೀಳುವ ಬೇಲಿಯಂಚಿಗೆ ಕೇಪಳ ತಕ್ಕ ಪೊದೆ. ಅದರ ಹೂವಿಗೆ ಚಿಟ್ಟೆಗಳೂ ಹಣ್ಣಿಗೆ ಮಕ್ಕಳೂ ಹಕ್ಕಿಗಳೂ ಬರುತ್ತಾರೆ.

ಕಾನಿನಿಂದ ಸಸಿಗಳನ್ನು ಕಿತ್ತು ತರುವುದು ಸಲ್ಲದು. ಉದುರಿದ ಹಣ್ಣುಗಳಲ್ಲಿ ಕೆಲವನ್ನು ಮಾತ್ರ ಆಯ್ದು, ಉಳಿದವನ್ನು ಹಕ್ಕಿಗಳಿಗೂ ಇತರ ಪ್ರಾಣಿಗಳಿಗೂ ಬಿಡಬೇಕು. ಒಂದೇ ಮರದ ಬೀಜವನ್ನು ಊರಿಗೆಲ್ಲ ಹಂಚಿದರೆ ತಳಿಯ ವೈವಿಧ್ಯ ಕುಗ್ಗುವುದರಿಂದ, ಹಲವು ಮರಗಳಿಂದ ಬೀಜ ಸಂಗ್ರಹಿಸಬೇಕು. ತಂದ ಬೀಜವನ್ನು ತಿರುಳು ತೊಳೆದು, ಬಿಸಿಲಿಗೆ ಹರಡದೆ, ಒಂದೆರಡು ದಿನಗಳಲ್ಲೇ ನೆರಳಿನ ಪಾತಿಯಲ್ಲಿ ಊರತಕ್ಕದ್ದು.

ವಿದ್ಯಾರ್ಥಿಗಳಿಂದ ಒಂದು ಮಹತ್ವದ ಕಾರ್ಯ ಸಾಧ್ಯ. ತಮ್ಮ ಊರಿನಲ್ಲಿ ಉಳಿದಿರುವ ಇಂತಹ ಮರಗಳು ಎಲ್ಲಿವೆ, ಯಾವಾಗ ಹೂ ಬಿಡುತ್ತವೆ, ಯಾವ ವಾರ ಹಣ್ಣು ಉದುರುತ್ತದೆ ಎಂಬುದನ್ನು ಹಿರಿಯರನ್ನು ಕೇಳಿ, ಕಣ್ಣಾರೆ ಕಂಡು, ಪುಸ್ತಕದಲ್ಲಿ ಬರೆದಿಡಬಹುದು. ಬಹುಕಾಲ ಬಾಳದ ಬೀಜಕ್ಕೆ ಈ ದಿನಾಂಕಗಳೇ ಆಧಾರ.

ಹಿತ್ತಲು ಕಾಡಿಗೆ ಬದಲಿಯಾಗದು; ಕಾನು, ಬೆಟ್ಟಗಳ ರಕ್ಷಣೆಯೇ ಮೊದಲ ಕರ್ತವ್ಯ. ಆದರೆ ಪ್ರತಿ ಮನೆಯವರು ಒಂದೊಂದು ಮರವನ್ನು ಬೆಳೆಸಿ, ಅದರ ಬೀಜವನ್ನು ನೆರೆಮನೆಗೆ ಕೊಟ್ಟರೆ, ಯಾವ ಶೈತ್ಯಾಗಾರದಲ್ಲೂ ಉಳಿಯದ ಬೀಜ ಊರಿನಲ್ಲಿ ಉಳಿಯುತ್ತದೆ. ಈ ಮಳೆಗಾಲದಲ್ಲಿಯೇ ಅದು ಆರಂಭವಾಗಲಿ.