ತೊಗಲಿನ ಕುರ್ಚಿಯ ರಿಪೇರಿ



ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಗಳಲ್ಲಿ ಹಳೆಯ ಆಫೀಸು ಕುರ್ಚಿಯೊಂದಿದ್ದರೆ ಅದೇ ಮಕ್ಕಳ ಓದಿನ ಪೀಠ. ಸೀಟು ಹರಿಯಿತೆಂದು ಗುಜರಿಗೆ ಹಾಕುವ ಮೊದಲು ಅದು ತೊಗಲೋ ರೆಕ್ಸಿನ್ನೋ ನೋಡೋಣ. ಹರಿದ ಅಂಚನ್ನು ಮಗುಚಿದರೆ ತೊಗಲಿನ ಹಿಂಬದಿ ನಾರುನಾರಾಗಿ ಕಾಣುತ್ತದೆ. ರೆಕ್ಸಿನ್ನಿನಲ್ಲಿ ಬಟ್ಟೆಯ ನೇಯ್ಗೆ. ಸಿಪ್ಪೆ ಏಳತೊಡಗಿದ ರೆಕ್ಸಿನ್ನಿಗೆ ತೇಪೆ ನಿಲ್ಲದು, ಹೊದಿಕೆಯನ್ನೇ ಬದಲಿಸಬೇಕು.

ತೊಗಲಾದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಬೇಕು. ಹರುಕಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾದ ಕ್ಯಾನ್ವಾಸ್ ತುಂಡನ್ನು ಒಳಗೆ ತೂರಿಸಿ ಹರಡಿ, ಎರಡಕ್ಕೂ ಚಪ್ಪಲಿ ಹೊಲಿಯುವವರ ರಬ್ಬರ್ ಅಂಟನ್ನು ತೆಳ್ಳಗೆ ಸವರಬೇಕು. ಕೈಗೆ ಹತ್ತದಷ್ಟು ಆರಿದ ಮೇಲೆ ಅಂಚು ಕೂಡಿಸಿ ಒತ್ತಿ, ರಾತ್ರಿಯೆಲ್ಲ ಬಟ್ಟೆ ಸುತ್ತಿದ ಇಟ್ಟಿಗೆಯ ಭಾರ ಹೇರಬೇಕು. ಆ ಅಂಟಿನ ಆವಿಗೆ ಬೆಂಕಿ ತಗಲುತ್ತದೆ. ಒಂದೇ ಕೋಣೆಯ ಮನೆಯವರು ಒಲೆ ಆರಿಸಿ, ಕಿಟಕಿ ತೆರೆದೇ ಕೂರಬೇಕು. ಬೂಟ್ ಪಾಲಿಷ್ ಬೇಡ, ಬಟ್ಟೆಗೆ ಬಣ್ಣ ಹತ್ತುತ್ತದೆ.

ತೊಗಲು ಮುಟ್ಟಲು ನಮ್ಮಲ್ಲಿ ಕೆಲವರು ಹಿಂಜರಿಯುತ್ತಾರೆ. ಅದರ ಮೇಲೆ ಕೂರಲು ಹಿಂಜರಿಯುವುದಿಲ್ಲ! 12ನೆಯ ಶತಮಾನದ ಕಲ್ಯಾಣದಲ್ಲಿ ತೊಗಲು ಹದಮಾಡುವ ಡೋಹರ ಕಕ್ಕಯ್ಯನೂ ಕೆರ ಹೊಲಿಯುವ ಹರಳಯ್ಯನೂ ಶರಣರ ಸಾಲಿನಲ್ಲಿದ್ದರು. ಇಂದಿನ ಬಸವಕಲ್ಯಾಣವಾದ ಆ ಊರು 1956ರವರೆಗೆ ಹೈದರಾಬಾದು ರಾಜ್ಯದಲ್ಲೇ ಇತ್ತು. ತೊಗಲು ಹದಮಾಡಲು ತೊಗಟೆ ಕೊಡುತ್ತಿದ್ದ ತಂಗಡಿ ಗಿಡದ ಹೂವನ್ನೇ ಇಲ್ಲಿನವರು ಬತುಕಮ್ಮನಿಗೆ ಜೋಡಿಸುವುದು.

ಅಂಚಿನ ಹೊಲಿಗೆ ಬಿಟ್ಟಿದ್ದರೆ ಮಾತ್ರ ಕಸುಬಿನವರಲ್ಲಿಗೆ ಒಯ್ದು, ಕೇಳಿದ ಕೂಲಿ ಕೊಡೋಣ. ಅವರು ಹಳೆಯ ತೂತುಗಳಲ್ಲೇ ಸೂಜಿ ಆಡಿಸುತ್ತಾರೆ. ನಾವು ಹೊಸ ತೂತು ಹಾಕಿದರೆ ತೊಗಲು ಆ ಗೆರೆಯಲ್ಲೇ ಸೀಳುತ್ತದೆ.