ಕಾಲಿಗೆ ಮುಳ್ಳು, ತೊಡೆಸಂದಿಯಲ್ಲಿ ಸಭೆ

ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಬಂದ ಮಕ್ಕಳು ಗುಡ್ಡ ಹತ್ತದೆ ಮನೆಗೆ ಹೋಗುವುದಿಲ್ಲ. ಎದುರಿನ ಮೆಟ್ಟಿಲು ಹತ್ತಿದರೆ ಜೋಗಿ ಮಠ, ಅಲ್ಲೇ ಪಾಂಡವರ ಗುಹೆಗಳೆಂದು ಕರೆಯುವ ಗವಿಗಳು. ನನ್ನ ತಂಗಿಯ ಮಗಳು ಪುಟ್ಟಿಯೂ ಒಂದು ಭಾನುವಾರ ಹತ್ತಿದಳು, ಬರಿಗಾಲಲ್ಲಿ. ಚಪ್ಪಲಿ ದೇವಸ್ಥಾನದ ಹೊರಗೆ ಇತ್ತು. ವಾಪಸ್ ಹೋಗಿ ಹಾಕಿಕೊಂಡು ಬರುವಷ್ಟು ತಾಳ್ಮೆ ಹತ್ತು ವರ್ಷದವಳಿಗೆ ಎಲ್ಲಿಂದ ಬರಬೇಕು? ದಾರಿಯ ಬದಿಯಲ್ಲಿ ನಾಚಿಕೆಮುಳ್ಳು ಹಬ್ಬಿತ್ತು. ಒಂದೊಂದೇ ಎಲೆ ಮುಟ್ಟಿ ಮುದುಡಿಸುತ್ತ ಹೋದವಳು ಗಿಡದ ಮೇಲೇ ಕಾಲಿಟ್ಟಳು.

ಮುಳ್ಳಿನ ತುದಿ ಹೆಬ್ಬೆರಳ ಬುಡದಲ್ಲಿ ಮುರಿದು ನಿಂತಿತು. ಮನೆಗೆ ಬಂದು ಸೂಜಿಯಲ್ಲಿ ಎಬ್ಬಿಸಿ ತೆಗೆದೆವು, ಸೋಪು ಹಾಕಿ ತೊಳೆದೆವು. ಮರುದಿನ ಆ ಜಾಗ ಕೆಂಪಾಗಿ ಬಿಸಿಯಾಗಿತ್ತು, ನಡುವೆ ಒಂದು ಹನಿ ಹಳದಿ ಕೀವು. ಬುಧವಾರ ಅವಳು ಕುಂಟುತ್ತ ಬಂದು ಕೇಳಿದ ಪ್ರಶ್ನೆಯಿಂದ ಈ ಬರಹ ಹುಟ್ಟಿದ್ದು.

"ದೊಡ್ಡಮ್ಮ, ಮುಳ್ಳು ಚುಚ್ಚಿದ್ದು ಪಾದಕ್ಕೆ. ತೊಡೆಸಂದಿಯಲ್ಲಿ ಎಂತಕ್ಕೆ ನೋವು?"

ಮುಟ್ಟಿ ನೋಡಿದರೆ ಕಡಲೆಕಾಳಿನಷ್ಟು ದೊಡ್ಡ ಗಡ್ಡೆ. ಅಜ್ಜಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು: "ಕಾಲಿಗೆ ಹುಣ್ಣಾದರೆ ಸಂದಿಗೆ ಗಡ್ಡೆ ಬರ್ತದೆ. ಹುಣ್ಣು ಮಾಗಿದರೆ ಅದೂ ಹೋಗ್ತದೆ." ಅಜ್ಜಿ ಹೇಳಿದ್ದು ಸರಿ. ಆದರೆ ಪುಟ್ಟಿ ಕೇಳಿದ್ದು 'ಯಾಕೆ' ಅಂತ.

ಆ ಗಡ್ಡೆಯೊಳಗೆ ಸಭೆ ನಡೆಯುತ್ತಿದೆ. ಸಭೆಯ ವಿಷಯ ಮುಳ್ಳಿನ ಜೊತೆ ಒಳಗೆ ಬಂದ ಬ್ಯಾಕ್ಟೀರಿಯಾ. ವಿಚಿತ್ರವೆಂದರೆ, ಅಲ್ಲಿ ತೀರ್ಮಾನ ಮಾಡುವವರು ಯಾರೂ ಆ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಕಂಡವರಲ್ಲ. ಯಾರೋ ತಂದು ತೋರಿಸಿದ ಒಂದು ಚೂರನ್ನಷ್ಟೇ ಕಂಡವರು.

ತಂದು ತೋರಿಸುವವರ ಕತೆ ಮೊದಲು ಹೇಳುತ್ತೇನೆ. ನಮ್ಮ ಚರ್ಮದಲ್ಲಿ ಅಲ್ಲಲ್ಲಿ ಕೈಕಾಲು ಚಾಚಿ ಕೂತಿರುವ ಒಂದು ಬಗೆಯ ಜೀವಕೋಶಗಳಿವೆ. ಕದ್ರಿಯ ಕಂಚಿನ ಲೋಕೇಶ್ವರನನ್ನು ನೋಡಿದ್ದೀರಲ್ಲ, ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಮಾಡಿಸಿದ್ದು? ಆ ಮೂರ್ತಿಗೆ ಆರು ಕೈ. ಈ ಕೋಶಕ್ಕೆ ಎಷ್ಟೆಂದು ಎಣಿಸಲಿಕ್ಕಿಲ್ಲ, ಬೇಕಾದಾಗ ಚಾಚುತ್ತದೆ, ಬೇಡವಾದಾಗ ಒಳಗೆಳೆದುಕೊಳ್ಳುತ್ತದೆ. ಇವನ್ನು ಮೊದಲು ಕಂಡದ್ದು ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಹುಡುಗ, 1868ರಲ್ಲಿ, ಬರ್ಲಿನ್‌ನಲ್ಲಿ ಇನ್ನೂ ವೈದ್ಯಕೀಯ ಓದುತ್ತಿದ್ದಾಗ. ಚರ್ಮದ ತುಣುಕಿಗೆ ಚಿನ್ನದ ಲವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಂಬೆ ಕೊಂಬೆಯಾದ ಕಪ್ಪು ಆಕಾರಗಳು ಕಂಡವು. ಅವನು ಅವನ್ನು ನರ ಎಂದುಕೊಂಡ. ತಪ್ಪು ತಿಳಿದ, ಆದರೆ ಚಿತ್ರ ಸರಿಯಾಗಿ ಬರೆದಿಟ್ಟ. ವಿಜ್ಞಾನದಲ್ಲಿ ಇದು ಸಣ್ಣ ಕೆಲಸವಲ್ಲ.

1973ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಇದೇ ಬಳಗದ ಕೋಶಗಳನ್ನು ಇಲಿಯ ಗುಲ್ಮದಲ್ಲಿ ಕಂಡು 'ಡೆಂಡ್ರೈಟಿಕ್ ಕೋಶ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಅಂದರೆ ಮರ. ನಾವು ಕೊಂಬೆಕೋಶ ಎನ್ನೋಣ. ಇದು ಅಷ್ಟು ಮುಖ್ಯವಾದದ್ದು ಎಂದು ಬಹಳ ವರ್ಷ ಹೆಚ್ಚಿನವರು ನಂಬಲಿಲ್ಲ.

ಕೊಂಬೆಕೋಶ ಸುಮ್ಮನೆ ಕೂತಿರುವಾಗಲೂ ಸುತ್ತಲಿನ ದ್ರವವನ್ನು ಗುಟುಕು ಗುಟುಕಾಗಿ ಕುಡಿದು ರುಚಿ ನೋಡುತ್ತಲೇ ಇರುತ್ತದೆ. ಪುಟ್ಟಿಯ ಪಾದದಲ್ಲಿ ಬ್ಯಾಕ್ಟೀರಿಯಾದ ರುಚಿ ಸಿಕ್ಕಿದ್ದೇ ತಡ, ಒಂದಷ್ಟನ್ನು ನುಂಗಿತು. ಅಷ್ಟರಲ್ಲಿ ಬೇರೆ ಬಿಳಿ ರಕ್ತಕಣಗಳೂ ಓಡಿ ಬಂದು ತಿನ್ನತೊಡಗಿದ್ದವು. ತಿಂದು ತಿಂದು ಅಲ್ಲೇ ಸತ್ತವುಗಳ ರಾಶಿಯೇ ಆ ಹಳದಿ ಕೀವು. ಕೊಂಬೆಕೋಶ ಮಾತ್ರ ಅಲ್ಲಿ ಕೂತು ಕಾದಾಡಲಿಲ್ಲ. ತಿನ್ನುವುದು ನಿಲ್ಲಿಸಿ, ಅಂಟಿಕೊಂಡಿದ್ದ ಜಾಗ ಬಿಟ್ಟು, ಹೊರಟಿತು.

ಹೊರಟದ್ದು ಎಲ್ಲಿಗೆ? ದೇವಸ್ಥಾನದ ಹಿಂದೆ ಎತ್ತರದಲ್ಲಿರುವ ಗೋಮುಖದಿಂದ ನೀರು ಬಿದ್ದು ಕೆರೆಗಳಿಗೆ ಇಳಿಯುವುದನ್ನು ನೆನಪಿಸಿಕೊಳ್ಳಿ. ನಮ್ಮ ಮೈಯಲ್ಲೂ ರಕ್ತದ ಹೊರತಾಗಿ ಇನ್ನೊಂದು ನೀರಿನ ದಾರಿ ಉಂಟು. ಅದರಲ್ಲಿ ಹರಿಯುವುದು ದುಗ್ಧರಸ, ದಾರಿಯ ನಡುನಡುವೆ ಸಿಗುವ ಕೆರೆಗಳು ದುಗ್ಧಗ್ರಂಥಿಗಳು. ಒಂದೇ ವ್ಯತ್ಯಾಸ, ಕದ್ರಿಯ ನೀರು ಇಳಿಯುತ್ತದೆ, ಕಾಲಿನ ದುಗ್ಧರಸ ಏರಬೇಕು. ನೂಕಲು ಅದಕ್ಕೆ ಹೃದಯವಿಲ್ಲ. ನಾಳಗಳು ತಾವೇ ಹಿಂಡಿಕೊಳ್ಳುತ್ತವೆ, ನಾವು ನಡೆದಾಗ ಸ್ನಾಯುಗಳೂ ಹಿಂಡುತ್ತವೆ, ಒಳಗಿನ ಪುಟ್ಟ ಕವಾಟಗಳು ಹಿಂದೆ ಬರಲು ಬಿಡುವುದಿಲ್ಲ. ಹೆಬ್ಬೆರಳ ಬುಡದಿಂದ ಹೊರಟ ಆ ನೀರಿಗೆ ಸಿಗುವ ದೊಡ್ಡ ಕೆರೆಸಾಲು ತೊಡೆಸಂದಿಯಲ್ಲಿದೆ. ಕೊಂಬೆಕೋಶ ಅಲ್ಲಿಗೆ ತಲುಪಲು ಸುಮಾರು ಒಂದು ದಿನ.

ದಾರಿಯುದ್ದಕ್ಕೂ ಅದಕ್ಕೆ ಕೆಲಸ ಉಂಟು, ನುಂಗಿದ್ದನ್ನು ಕೊಯ್ಯಬೇಕು.

ಪುಟ್ಟಿಗೆ ಇದನ್ನು ಹೂವಿನಲ್ಲೇ ಹೇಳಿದೆ. ಬ್ಯಾಕ್ಟೀರಿಯಾದಲ್ಲಿರುವ ಪ್ರೋಟೀನ್ ಎಂದರೆ ಉದ್ದನೆಯ ಹೂಮಾಲೆ. ಮಲ್ಲಿಗೆ, ಅಬ್ಬಲಿಗೆ, ಸೇವಂತಿಗೆ, ಹೀಗೆ ಒಟ್ಟು 20 ಬಗೆಯ ಹೂ, ಅಮೈನೋ ಆಮ್ಲಗಳೆಂಬ ಹೂ. ಒಂದೊಂದು ಮಾಲೆಯಲ್ಲಿ ಹೂಗಳ ಸಾಲು ಒಂದೊಂದು ರೀತಿ, ಉದ್ದ ನೂರಾರು ಹೂ. ಕೊಂಬೆಕೋಶದೊಳಗೆ ಹುಳಿ ತುಂಬಿದ ಒಂದು ಚೀಲವಿದೆ. ಅದರಲ್ಲಿ ಬಿದ್ದ ಮಾಲೆ ಬಿಚ್ಚಿಕೊಂಡು ಚೂರು ಚೂರಾಗುತ್ತದೆ. ಹದಿಮೂರೋ ಇಪ್ಪತ್ತೋ ಹೂಗಳ ಒಂದು ತುಂಡು ಉಳಿಯುತ್ತದೆ.

ತುಂಡನ್ನು ಕೈಯಲ್ಲಿ ಹಿಡಿದು ತೋರಿಸುವ ಹಾಗಿಲ್ಲ. ಹರಿವಾಣದಲ್ಲಿ ಇಟ್ಟೇ ತೋರಿಸಬೇಕು. ಜೀವಕೋಶದ ಮೈಮೇಲೆ ಏಳುವ ಈ ಹರಿವಾಣಕ್ಕೆ ವಿಜ್ಞಾನಿಗಳ ಹೆಸರು ಎಂಎಚ್‌ಸಿ. ಅದರ ನಡುವೆ ಒಂದು ತಗ್ಗು, ತಗ್ಗಿನಲ್ಲಿ ಹೂವಿನ ತುಂಡು. ನನಗೆ ತುಂಬ ಇಷ್ಟವಾದ ವಿವರವೆಂದರೆ, ಹೊಸ ಹರಿವಾಣ ತಯಾರಾದಾಗಲೇ ಅದರ ತಗ್ಗಿಗೆ ಒಂದು ಬಿರಡೆ ಹಾಕಿರುತ್ತದೆ, ದಾರಿಯಲ್ಲಿ ಕಂಡದ್ದೆಲ್ಲ ಬಂದು ಕೂರದಿರಲಿ ಅಂತ. ಹುಳಿ ಚೀಲಕ್ಕೆ ಬಂದ ಮೇಲೆಯೇ ಬಿರಡೆ ತೆಗೆದು ಹೂವಿನ ತುಂಡು ಇಡುವುದು. ಅಜ್ಜಿ ದೇವಸ್ಥಾನಕ್ಕೆ ಹೊರಡುವಾಗ ಹರಿವಾಣದ ಮೇಲೆ ಬಾಳೆಎಲೆ ಮುಚ್ಚುವುದಿಲ್ಲವೇ, ಹಾಗೆ.

"ಇಡೀ ಬ್ಯಾಕ್ಟೀರಿಯಾವನ್ನೇ ತೋರಿಸಿದರೆ ಆಗುದಿಲ್ವಾ?" ಪುಟ್ಟಿ ಕೇಳಿದಳು.

ನೋಡುವವರಿಗೆ ಇಡೀ ಬ್ಯಾಕ್ಟೀರಿಯಾ ಕಾಣುವುದೇ ಇಲ್ಲ. ನೋಡುವವರು ಟಿ ಕೋಶಗಳು. ಎದೆಯೊಳಗಿನ ಥೈಮಸ್ ಎಂಬ ಗ್ರಂಥಿಯಲ್ಲಿ ಪಳಗಿ ಬರುವುದರಿಂದ ಆ ಹೆಸರು. ಇವು ಒಂದು ರೀತಿಯ ಹಟಮಾರಿಗಳು. ನೆಲದಲ್ಲಿ ಬಿದ್ದ ಹೂವನ್ನು ನೋಡುವುದಿಲ್ಲ, ಬೇರೆಯವರ ಹರಿವಾಣದಲ್ಲಿಟ್ಟದ್ದನ್ನೂ ಒಪ್ಪುವುದಿಲ್ಲ, ತಮ್ಮ ಮನೆಯ ಹರಿವಾಣದಲ್ಲಿಯೇ ಬರಬೇಕು. ಇದು ಗೊತ್ತಾದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, 1970ರ ದಶಕದ ಆರಂಭದಲ್ಲಿ. ಪೀಟರ್ ಡೊಹರ್ಟಿ, ಮೂಲತಃ ದನಕರುಗಳ ಡಾಕ್ಟರು, ಮತ್ತು ರಾಲ್ಫ್ ಝಿಂಕರ್‌ನಾಗೆಲ್ ವೈರಸ್ ತಗಲಿದ ಇಲಿಯ ಟಿ ಕೋಶಗಳನ್ನು ಪರೀಕ್ಷಿಸಿದರು. ತಮ್ಮದೇ ತಳಿಯ ಇಲಿಯ ರೋಗಪೀಡಿತ ಕೋಶವನ್ನು ಅವು ಕೊಂದವು. ಬೇರೆ ತಳಿಯ ಇಲಿಯ ಕೋಶವನ್ನು, ಅದೇ ವೈರಸ್ ಇದ್ದರೂ, ಮುಟ್ಟಲಿಲ್ಲ. ಇಬ್ಬರಿಗೂ 1996ರಲ್ಲಿ ನೊಬೆಲ್ ಬಂತು. ಮನುಷ್ಯರ ಹರಿವಾಣವೂ ಒಬ್ಬೊಬ್ಬರದು ಒಂದೊಂದು ಬಗೆ. ಅರ್ಧ ಅಮ್ಮನ ಕಡೆಯದು, ಅರ್ಧ ಅಪ್ಪನ ಕಡೆಯದು. ಮೂತ್ರಪಿಂಡ ದಾನ ಮಾಡುವ ಮುಂಚೆ ಡಾಕ್ಟರುಗಳು ತಾಳೆ ನೋಡುವುದರಲ್ಲಿ ಇದೂ ಒಂದು.

ಹಟಮಾರಿತನಕ್ಕೆ ಕಾರಣ ಉಂಟು. ವೈರಸ್ ಜೀವಕೋಶದ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ಹೊರಗಿನಿಂದ ಹೇಗೆ ತಿಳಿಯುವುದು? ಅದಕ್ಕೇ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶವೂ ಒಳಗೆ ತಯಾರಾಗುವ ಪ್ರೋಟೀನುಗಳನ್ನು ಪೀಪಾಯಿಯಂಥ ಒಂದು ಯಂತ್ರಕ್ಕೆ ಹಾಕಿ ಕೊಯ್ದು, ಎಂಟು-ಹತ್ತು ಹೂಗಳ ತುಂಡನ್ನು ಇನ್ನೊಂದು ಬಗೆಯ ಸಣ್ಣ ಹರಿವಾಣದಲ್ಲಿಟ್ಟು ಹೊಸಿಲ ಹೊರಗೆ ಹಿಡಿಯುತ್ತದೆ. "ನೋಡಿ, ನಮ್ಮ ಮನೆಯೊಳಗೆ ಇವತ್ತು ಇಂಥಿಂಥದ್ದೆಲ್ಲ ಆಗುತ್ತಿದೆ." ದಿನವಿಡೀ ಅದೇ ಕೆಲಸ. ಎಲ್ಲ ತುಂಡೂ ಮನೆಯದೇ ಆದರೆ ಟಿ ಕೋಶ ಮುಂದೆ ಹೋಗುತ್ತದೆ. ವೈರಸ್ಸಿನ ತುಂಡು ಕಂಡರೆ ಆ ಮನೆಯನ್ನೇ ಮುಗಿಸುತ್ತದೆ.

ಇಲ್ಲಿ ಮಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಾಯಿಲೆಯ ವಿಷಯ ಹೇಳಲೇಬೇಕು. 1990ರ ದಶಕದಿಂದ ಈ ಊರನ್ನು ಮಲೇರಿಯಾ ಬಹಳ ಕಾಡಿತು. ಕಟ್ಟಡ ಕಟ್ಟುವಲ್ಲೆಲ್ಲ ಮಳೆನೀರು ನಿಲ್ಲುತ್ತಿತ್ತು, ಸೊಳ್ಳೆಗೆ ಅಷ್ಟು ಸಾಕು. ಸೊಳ್ಳೆ ಕಚ್ಚಿದಾಗ ಒಳಬರುವ ಪರೋಪಜೀವಿ ಮೊದಲು ಯಕೃತ್ತಿನ ಕೋಶಕ್ಕೆ, ಆಮೇಲೆ ಕೆಂಪು ರಕ್ತಕಣಕ್ಕೆ ನುಗ್ಗುತ್ತದೆ. ಯಕೃತ್ತಿನ ಕೋಶ ಹರಿವಾಣ ಹಿಡಿಯುತ್ತದೆ. ಆದರೆ ಮಾಗಿದ ಕೆಂಪು ರಕ್ತಕಣ? ಅದು ಆಮ್ಲಜನಕ ಹೊರುವುದಕ್ಕೆ ಜಾಗ ಬೇಕೆಂದು ತನ್ನ ಕೋಶಕೇಂದ್ರವನ್ನೇ ಹೊರಗೆ ಎಸೆದಿದೆ, ಹರಿವಾಣ ಮಾಡುವ ಸಾಮಾನೂ ಅದರೊಟ್ಟಿಗೆ ಹೋಯಿತು. ಹೊಸಿಲಿಗೆ ಏನೂ ಬರದ ಮನೆ. ಕಳ್ಳನಿಗೆ ಅಡಗಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು! ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ಪರೋಪಜೀವಿ ಮಾತ್ರ ಎಳೆಯ ಕೆಂಪುಕಣಗಳನ್ನೇ ಹುಡುಕಿ ಹೋಗುತ್ತದೆ. ಎಳೆಯವುಗಳಲ್ಲಿ ಒಂದಿಷ್ಟು ಹರಿವಾಣ ಇನ್ನೂ ಉಳಿದಿರುತ್ತದೆ, ಟಿ ಕೋಶಗಳು ಅದನ್ನು ಕಂಡುಹಿಡಿಯಬಲ್ಲವು ಎಂದು ಬ್ರೆಜಿಲ್ಲಿನ ವಿಜ್ಞಾನಿಗಳಿದ್ದ ತಂಡವೊಂದು 2018ರಲ್ಲಿ ತೋರಿಸಿತು.

ನಗರಪಾಲಿಕೆ 2015ರಲ್ಲಿ ಮಾಡಿದ್ದೂ ಕೊಂಬೆಕೋಶದ ಕೆಲಸವನ್ನೇ ಎಂದು ನನಗನಿಸುತ್ತದೆ. ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕೊಟ್ಟರು. ಯಾವ ಮನೆಯಲ್ಲಿ ಜ್ವರ, ಸುತ್ತ ಎಲ್ಲಿ ನೀರು ನಿಂತಿದೆ, ಎಲ್ಲ ಅಲ್ಲಿಂದಲೇ ಒಂದು ಕಡೆಗೆ ಸೇರುವ ಹಾಗೆ ಮಾಡಿದರು. ಸೊಳ್ಳೆಯನ್ನು ಯಾರೂ ಕಚೇರಿಗೆ ಹಿಡಿದು ತರಲಿಲ್ಲ, ಸುದ್ದಿಯ ತುಣುಕು ಮಾತ್ರ ಬಂತು.

ಪುಟ್ಟಿಯ ಗಡ್ಡೆಗೆ ವಾಪಸ್ ಬರೋಣ. ಒಂದೊಂದು ಟಿ ಕೋಶ ಗುರುತಿಸುವುದು ಹೆಚ್ಚುಕಡಿಮೆ ಒಂದೇ ನಮೂನೆಯ ತುಂಡನ್ನು. ಅವಳ ಮುಳ್ಳಿನ ಬ್ಯಾಕ್ಟೀರಿಯಾದ ತುಂಡನ್ನು ಗುರುತಿಸುವಂಥದ್ದು ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ. ಜನವರಿಯ ಕದ್ರಿ ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಅಪ್ಪ-ಅಮ್ಮ ಸಂತೆಯೆಲ್ಲ ಅಲೆಯುತ್ತಾರೆಯೇ? ಮೈಕಿನವರ ಹತ್ತಿರ ಹೋಗುತ್ತಾರೆ, ಮಗುವನ್ನು ಕಂಡವರೂ ಅಲ್ಲಿಗೇ ಕರೆತರುತ್ತಾರೆ. ಗ್ರಂಥಿಯೂ ಅಂಥದೇ ಜಾಗ. ಟಿ ಕೋಶಗಳು ರಕ್ತದಿಂದ ಇಳಿದು ಬಂದು, ಅರ್ಧ ದಿನವೋ ಒಂದು ದಿನವೋ ಸುತ್ತಾಡಿ, ಕೊಂಬೆಕೋಶಗಳ ಹರಿವಾಣಗಳನ್ನು ಮೂಸಿ, ತಮ್ಮದಲ್ಲ ಎಂದರೆ ಮುಂದಿನ ಗ್ರಂಥಿಗೆ ಹೋಗುತ್ತವೆ. ಒಂದು ಕೊಂಬೆಕೋಶದ ಮುಂದೆ ಗಂಟೆಗೆ ನೂರಾರು ಟಿ ಕೋಶಗಳು ಹಾದುಹೋಗುತ್ತವೆ.

ಸರಿಯಾದದ್ದು ಸಿಕ್ಕಿತೋ, ಅದು ಅಲ್ಲೇ ಗಂಟೆಗಟ್ಟಲೆ ಅಂಟಿಕೊಳ್ಳುತ್ತದೆ. ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಸಾವಿರಾರು. ಇದರ ನಡುವೆ ಗ್ರಂಥಿ ಒಂದು ಉಪಾಯ ಮಾಡುತ್ತದೆ. ಒಳಗೆ ಬರುವ ಬಾಗಿಲು ತೆರೆದಿಟ್ಟು ಹೊರಗೆ ಹೋಗುವ ಬಾಗಿಲು ಸ್ವಲ್ಪ ಕಾಲ ಮುಚ್ಚುತ್ತದೆ, ಬಂದವರು ಯಾರೂ ನೋಡದೆ ಹೋಗದಿರಲಿ ಅಂತ. ಜನ ಸೇರಿದರು, ಹೊರಗೆ ಹೋಗಲಿಕ್ಕಿಲ್ಲ. ಚಪ್ಪರ ಉಬ್ಬದೆ ಇರುತ್ತದೆಯೇ? ಪುಟ್ಟಿಯ ಬೆರಳಿಗೆ ಸಿಕ್ಕಿದ ಕಡಲೆಕಾಳು ಅದು.

"ಹಾಗಾದರೆ ಬೆಳಿಗ್ಗೆ ತಿಂದ ನೀರುದೋಸೆಯ ತುಂಡನ್ನೂ ತೋರಿಸ್ತದಾ?" ಒಳ್ಳೆಯ ಪ್ರಶ್ನೆ. ಹೌದು, ಕರುಳಿನ ಹತ್ತಿರದ ಗ್ರಂಥಿಗಳಲ್ಲಿ ಊಟದ ಚೂರುಗಳ ಪ್ರದರ್ಶನವೂ ನಡೆಯುತ್ತದೆ. ಆದರೆ ಅಲ್ಲಿಗೆ ಹೋದ ಕೊಂಬೆಕೋಶ ಹರಿವಾಣದ ಜೊತೆ ಅಪಾಯದ ಸನ್ನೆ ಕೊಡುವುದಿಲ್ಲ. ಗಾಯದಿಂದ ಬಂದ ಕೊಂಬೆಕೋಶ ಕೊಡುತ್ತದೆ. ಸನ್ನೆಯಿಲ್ಲದ ತುಂಡನ್ನು ಕಂಡ ಟಿ ಕೋಶ 'ಇದು ನಮ್ಮ ಮನೆಗೆ ಬರುವಂಥದ್ದೇ' ಎಂದು ತಣ್ಣಗಾಗುತ್ತದೆ. ಈ ಲೆಕ್ಕ ಆಗೀಗ ತಪ್ಪುತ್ತದೆ, ಕೆಲವರಿಗೆ ಸೀಗಡಿ ತಿಂದರೆ ಮೈಯೆಲ್ಲ ತುರಿಸುವುದು ಅದಕ್ಕೇ.

ಗುರುವಾರ ಡಾಕ್ಟರ ಹತ್ತಿರ ಹೋದೆವು. ಗಾಯ ನೋಡಿ, ಗಡ್ಡೆ ನೋಡಿ, "ಎಂತ ಸಾ ಇಲ್ಲ, ಕಡಿಮೆ ಆಗ್ತದೆ. ಆದರೆ ಎರಡು ವಾರ ಆದರೂ ಹೋಗದಿದ್ದರೆ, ದೊಡ್ಡದಾಗುತ್ತ ಬಂದರೆ ಕರೆದುಕೊಂಡು ಬನ್ನಿ" ಎಂದರು. ಹತ್ತು ವರ್ಷಕ್ಕೆ ಹಾಕಿಸಬೇಕಾದ ಧನುರ್ವಾಯು ಇಂಜೆಕ್ಷನ್ ಬಾಕಿ ಇತ್ತು, ಅದನ್ನೂ ತೋಳಿಗೆ ಕೊಟ್ಟರು. ಹೊರಗೆ ಬಂದವಳೇ ಕೇಳಿದಳು, "ಮುಳ್ಳು ಕಾಲಿಗೆ, ಸೂಜಿ ಕೈಗೆ ಎಂತಕ್ಕೆ?" ಕೇಳಿ ಮುಗಿಸುವ ಮೊದಲೇ ತಾನೇ ಕಂಕುಳು ಮುಟ್ಟಿ ನೋಡಿಕೊಂಡಳು. ಅವಳಿಗೆ ಅರ್ಥವಾಗಿತ್ತು. ಆ ಸಭೆ ಕಂಕುಳಿನಲ್ಲಿ. ಸೂಜಿಯಲ್ಲಿ ಇದ್ದದ್ದು ಧನುರ್ವಾಯುವಿನ ವಿಷವೇ, ಹಲ್ಲು ಕಿತ್ತದ್ದು. ತೋಳಿನ ಕೊಂಬೆಕೋಶಗಳು ಅದನ್ನೂ ನುಂಗಿ, ಕೊಯ್ದು, ಹರಿವಾಣಕ್ಕೆ ಹಾಕಿ ಕೊಂಡೊಯ್ಯುತ್ತವೆ. ಅಲ್ಲಿ ಎಚ್ಚೆತ್ತ ಸಹಾಯಕ ಟಿ ಕೋಶಗಳು ಬಿ ಕೋಶಗಳನ್ನು ಹುರಿದುಂಬಿಸುತ್ತವೆ, ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಕೆಲವು ಕೋಶಗಳು ವರ್ಷಗಟ್ಟಲೆ ನೆನಪಿಟ್ಟುಕೊಂಡು ಉಳಿಯುತ್ತವೆ. ಊರೆಲ್ಲ ಒಂದಾದರೂ ಕಾಲಿಗೊಂದು ಜಾಗ, ಕೈಗೊಂದು ಜಾಗ.

ಮನೆಗೆ ಬರುವ ದಾರಿಯಲ್ಲಿ ಸ್ಟೈನ್‌ಮನ್ ಕತೆಯ ಉಳಿದ ಭಾಗ ಹೇಳಿದೆ. 2007ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕಂಡುಬಂತು. ತಮ್ಮ ಕೊಂಬೆಕೋಶಗಳಿಗೇ ಕ್ಯಾನ್ಸರಿನ ತುಂಡುಗಳನ್ನು ತೋರಿಸಲು ಕಲಿಸುವ ಚಿಕಿತ್ಸೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು, ನಾಲ್ಕು ವರ್ಷ ಬದುಕಿದರು. 2011ರ ಅಕ್ಟೋಬರ್ 3ರಂದು ನೊಬೆಲ್ ಪ್ರಕಟವಾದಾಗ ಅವರು ತೀರಿಕೊಂಡು ಮೂರು ದಿನ ಆಗಿತ್ತು. ಸಮಿತಿಗೆ ಅದು ಗೊತ್ತೇ ಇರಲಿಲ್ಲ. ಸತ್ತವರಿಗೆ ನೊಬೆಲ್ ಕೊಡುವ ಕ್ರಮವಿಲ್ಲ, ಆದರೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಪುಟ್ಟಿ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಮುಂದಿನ ವಾರಕ್ಕೆ ಗಡ್ಡೆ ಸಾಸಿವೆಯಷ್ಟಾಯಿತು. ಆ ದಿನ ಸೂಜಿಯಲ್ಲಿ ತೆಗೆದ ಮುಳ್ಳಿನ ತುದಿಯನ್ನು ಅವಳು ಎಸೆದಿರಲಿಲ್ಲ. ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿ ಇಟ್ಟಿದ್ದಳು, ಸೋಮವಾರ ಕ್ಲಾಸಿನಲ್ಲಿ ತೋರಿಸಬೇಕಂತೆ. "ಇಡೀ ಮುಳ್ಳು ಇಲ್ಲವಲ್ಲ, ತುದಿ ಮಾತ್ರ" ಎಂದೆ.

"ಅಷ್ಟು ಸಾಕಲ್ಲ" ಎಂದು ಪೆಟ್ಟಿಗೆ ಮುಚ್ಚಿದಳು.