ಪಾಟು ಚೆಂದ, ಕಳ್ಳಿ ಎಲ್ಲಿಂದ ಬಂತು?

ಇನ್‌ಸ್ಟಾದಲ್ಲಿ ನೀವೂ ನೋಡಿರ್ತೀರಿ: ಕೈಯಲ್ಲೇ ಮಾಡಿದ ಕಪ್ಪು ಮಣ್ಣಿನ ಪಾಟು, ಅದರಲ್ಲಿ ಮೈಗೆಲ್ಲ ಬೂದಿ ಬಳಿದುಕೊಂಡಂಥ ಕಳ್ಳಿ. ಹೆಸರು ಕೊಪಿಯಾಪೋವಾ, ಊರು ಚಿಲಿಯ ಅಟಕಾಮ ಮರುಭೂಮಿ. ಅಲ್ಲಿ ಮಳೆ ಅಪರೂಪ. ಸಮುದ್ರದಿಂದ ಬರೋ ಮಂಜೇ ಅದರ ನೀರು. ಬೆಳೆಯೋದು ತೀರಾ ನಿಧಾನ. ನರ್ಸರಿಯಲ್ಲಿ ಬೀಜದಿಂದ ಬಂದದ್ದು ಸಾಮಾನ್ಯವಾಗಿ ಹಸಿರಾಗಿ, ನುಣುಪಾಗಿರುತ್ತೆ. ಆದರೆ ಕೆಲವು ಸಂಗ್ರಹಕಾರರಿಗೆ ಬೇಕಿರೋದು ಬಿಸಿಲು ತಿಂದ ಆ ಮುದಿ ಮೈ. ಅದಕ್ಕೇ ಮರುಭೂಮಿಯಿಂದ ಕಿತ್ತು ತರ್ತಾರೆ. 2020ರಲ್ಲಿ ಇಟಲಿ ಪೊಲೀಸರು ಇಂಥ ಸಾವಿರಕ್ಕೂ ಹೆಚ್ಚು ಕಳ್ಳಿಗಳನ್ನ ವಶಪಡಿಸಿಕೊಂಡರು. ಮರುವರ್ಷ 844 ಗಿಡ ಚಿಲಿಗೆ ವಾಪಸ್ ಹೋದವು. ಎಷ್ಟು ದೂರದ ಓಡಾಟ, ಪಾಪ! ನೀವು ಕೊಳ್ಳೋದಾದ್ರೆ ರೇಟ್ ಆಮೇಲೆ, "ಬೀಜದಿಂದ ಬೆಳೆಸಿದ್ದಾ?" ಅಂತ ಮೊದಲು ಕೇಳಿ. ಮಾರೋರು ತಡವರಿಸಿದ್ರೆ, ಪಾಟು ಮಾತ್ರ ತಗೊಂಡು ಬನ್ನಿ.